ಅರಳುಮರಳು ಎಂದು ಬಿಡದವನು



ಈ ಹೊತ್ತು ನಾನು ಹೇಳಬೇಕೆಂದುಕೊಂಡಿರುವುದು ಪುರಾಣದ ಕಥೆಯಲ್ಲ. ಸುಮಾರು ನೂರ ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕ ದೇಶದ ಒಂದು ಹುಚ್ಚಾಸ್ಪತ್ರೆಯಲ್ಲಿ, ಸತ್ತವರ ಮಿದುಳಿನ ಹೋಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತ ಕುಳಿತಿದ್ದ ಒಬ್ಬ ತರುಣ ವೈದ್ಯನ ಕಥೆ. ಮಠದಲ್ಲಿ ಈ ಮಾತೇಕೆ ಎಂದು ಕೆಲವರಿಗೆ ಅನ್ನಿಸೀತು. ಕಾರಣ ಉಂಟು.

ಹೋದ ಸೋಮವಾರ ಭಕ್ತರೊಬ್ಬರು ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಬೇಡ. "ಬುದ್ಧಿ, ಮಗಳು ಎಂ.ಎಸ್ಸಿ. ಮುಗಿಸಿದಳು. ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕುವ ಹಾಗಿದೆ. ಅದನ್ನು ಬಿಟ್ಟು ಬೆಂಗಳೂರಿಗೆ ಹೋಗಿ ಮುದುಕರ ಮರೆವಿನ ಮೇಲೆ ಸಂಶೋಧನೆ ಮಾಡುತ್ತೇನೆ ಅನ್ನುತ್ತಾಳೆ. ಐದಾರು ವರ್ಷ ಬೇಕಂತೆ. ಆ ರೋಗಕ್ಕೆ ಮದ್ದೇ ಇಲ್ಲವಂತೆ. ಮದ್ದಿಲ್ಲದ ರೋಗವನ್ನು ಓದಿ ಆಗುವುದೇನು ಬುದ್ಧಿ? ಅರವತ್ತಕ್ಕೆ ಅರಳುಮರಳು ಅಂತ ಹಿರಿಯರೇ ಹೇಳಿಲ್ಲವೇ? ತಾವು ಒಂದು ಮಾತು ಹೇಳಿದರೆ ಕೇಳುತ್ತಾಳೆ" ಎಂದರು.

ಅವರ ಕಷ್ಟ ನನಗೆ ಅರ್ಥವಾಯಿತು. ಹೆಣ್ಣುಮಗಳು, ವಯಸ್ಸು ಇಪ್ಪತ್ನಾಲ್ಕು, ಮದುವೆಯ ಮಾತು ಬೇರೆ ನಡೆದಿದೆ. ಆದರೆ ಅವರು ಕೇಳಿದ ಪ್ರಶ್ನೆ ಒಂದು ಮನೆಯದಲ್ಲ. ಮದ್ದಿಲ್ಲದ ರೋಗದ ಬೆನ್ನು ಹತ್ತಿ ಒಬ್ಬರು ತಮ್ಮ ಯೌವನವನ್ನು ಏಕೆ ತೆರಬೇಕು? ಅದಕ್ಕೇ ಎಲ್ಲರ ಮುಂದೆ ಮಾತನಾಡುತ್ತೇನೆ ಎಂದೆ.

ಮೊದಲು ಆ ಗಾದೆಯ ಮಾತನ್ನು ಮುಗಿಸಿಬಿಡೋಣ. ಅರವತ್ತಕ್ಕೆ ಅರಳುಮರಳು ಎಂಬುದು ನಗೆಚಾಟಿಕೆಗೆ ಒಳ್ಳೆಯದು. ಆದರೆ ಅದು ನಮ್ಮ ಮನೆಗಳಲ್ಲಿ ಎಷ್ಟು ಅನ್ಯಾಯ ಮಾಡಿದೆ ಎಂಬುದನ್ನು ಯೋಚಿಸಿ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು ಮರೆವು. ಕನ್ನಡಕ ಕೈಯಲ್ಲಿದ್ದು, ಇದು ಏತಕ್ಕೆ ಎಂದು ತಿಳಿಯದಿರುವುದು ರೋಗ. ನೆಂಟರ ಹೆಸರು ನಾಲಗೆಗೆ ಬಾರದಿರುವುದು ಮರೆವು. ನಲವತ್ತು ವರ್ಷ ಅಡಿಗೆ ಮಾಡಿದ ಕೈ ಒಲೆಯ ಮುಂದೆ ನಿಂತು, ಮೊದಲು ನೀರೋ ಹಿಟ್ಟೋ ಎಂದು ತೋಚದೆ ನಡುಗುವುದು ರೋಗ. ಇದಕ್ಕೆ ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಅದರಲ್ಲಿ ಬಹುಪಾಲು ಆಲ್ಜೈಮರ್ ಎಂಬ ಬಗೆಯದು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದು ಹೇಳಿದ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಷ್ಟು ಜನರನ್ನು ನಾವು ಒಂದು ಗಾದೆಯಿಂದ ಮುಚ್ಚಿಟ್ಟಿದ್ದೇವೆ. ನೂರರಲ್ಲಿ ತೊಂಬತ್ತೆರಡು ಮಂದಿಗೆ ಇಲ್ಲದ್ದನ್ನು ವಯಸ್ಸಿನ ಧರ್ಮ ಎನ್ನುವುದು ಹೇಗೆ?

ಈಗ ಆ ತರುಣನ ಕಥೆ. ಅವನ ಹೆಸರು ಸಾಲೊಮನ್ ಕಾರ್ಟರ್ ಫುಲ್ಲರ್. ಕಪ್ಪು ವರ್ಣದವನು. ಅವನ ಅಜ್ಜ ಅಮೆರಿಕದ ವರ್ಜೀನಿಯಾ ಸೀಮೆಯಲ್ಲಿ ಗುಲಾಮನಾಗಿದ್ದವನು, ಪಾದರಕ್ಷೆ ಹೊಲಿಯುವುದರಲ್ಲಿ ನಿಪುಣ. ಗುಲಾಮನೆಂದರೆ ಏನೆಂದು ನಮ್ಮ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಎತ್ತು, ಎಮ್ಮೆಗಳ ಹಾಗೆ ಮನುಷ್ಯನನ್ನು ಸಂತೆಯಲ್ಲಿ ಮಾರುತ್ತಿದ್ದ ಕಾಲ. ಆ ಅಜ್ಜ ತನ್ನ ದುಡಿಮೆಯಲ್ಲಿ ಕೈಗೆ ಉಳಿದಷ್ಟನ್ನು ಕೂಡಿಟ್ಟು, ತನ್ನನ್ನೂ ತನ್ನ ಹೆಂಡತಿಯನ್ನೂ ಒಡೆಯನಿಂದ ತಾನೇ ಕೊಂಡುಕೊಂಡ! ತನ್ನ ದೇಹಕ್ಕೆ ತಾನೇ ಬೆಲೆ ತೆತ್ತು ಬಿಡುಗಡೆ ಪಡೆದು, 1852ರಲ್ಲಿ ಆಫ್ರಿಕದ ಲೈಬೀರಿಯಾಕ್ಕೆ ಹಡಗು ಹತ್ತಿದ. ಅಲ್ಲಿ ಅವನ ಮಗ ಕಾಫಿ ತೋಟ ಮಾಡಿದ, ಸರ್ಕಾರದಲ್ಲಿ ಅಧಿಕಾರಿಯಾದ. ಮೊಮ್ಮಗ ಸಾಲೊಮನ್ ಹುಟ್ಟಿದ್ದು 1872ರಲ್ಲಿ, ಮನ್ರೋವಿಯಾ ನಗರದಲ್ಲಿ. ತಾಯಿಯ ಕಡೆಯ ಅಜ್ಜ-ಅಜ್ಜಿ ವೈದ್ಯಕೀಯ ಬಲ್ಲ ಪಾದ್ರಿಗಳು. ವೈದ್ಯಕೀಯದ ಒಲವು ಆ ಕಡೆಯಿಂದ ಬಂದಿರಬೇಕು.

1889ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಈ ಹುಡುಗ ಅಜ್ಜ ಬಿಟ್ಟುಬಂದ ದೇಶಕ್ಕೇ ಓದಲು ಹೋದ. ಅಜ್ಜನನ್ನು ಮಾರಾಟದ ಸರಕು ಮಾಡಿದ ನೆಲಕ್ಕೆ ಮೊಮ್ಮಗ ಪುಸ್ತಕ ಹಿಡಿದುಕೊಂಡು ಇಳಿದ. ಉತ್ತರ ಕೆರೊಲೈನಾದ ಲಿವಿಂಗ್‌ಸ್ಟನ್ ಕಾಲೇಜಿನಲ್ಲಿ ಪದವಿ, ಆಮೇಲೆ 1897ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ. ಆ ವೈದ್ಯ ಕಾಲೇಜು ಆಗ ಹೋಮಿಯೋಪಥಿಯದಾಗಿತ್ತು ಎಂದರೆ ನಮ್ಮಲ್ಲಿ ಸಕ್ಕರೆಗುಳಿಗೆ ನಂಬುವವರಿಗೆ ಸಂತೋಷವಾದೀತು. ಇರಲಿ. ಅದೇ ವರ್ಷ ವೆಸ್ಟ್‌ಬರೊ ಎಂಬ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿದ. ಎರಡು ವರ್ಷಗಳಲ್ಲಿ ಅಲ್ಲಿಯ ರೋಗಶಾಸ್ತ್ರದ ವೈದ್ಯನಾದ. ಸತ್ತ ರೋಗಿಗಳ ದೇಹವನ್ನು ತೆರೆದು, ರೋಗ ಎಲ್ಲಿತ್ತೆಂದು ನೋಡುವವನು ಎಂದರ್ಥ.

ಆಗಿನ ಹುಚ್ಚಾಸ್ಪತ್ರೆ ಎಂದರೆ ಏನು? ಮನೆಯವರು ತಂದು ಬಿಟ್ಟುಹೋದವರ ಜಾಗ. ವಯಸ್ಸಾಗಿ ಬುದ್ಧಿ ಕೆಟ್ಟವರು ಅಲ್ಲಿಯೇ, ಕುಡಿದು ಕೆಟ್ಟವರು ಅಲ್ಲಿಯೇ, ಮೂರ್ಛೆ ರೋಗದವರೂ ಅಲ್ಲಿಯೇ. ಎಲ್ಲರಿಗೂ ಒಂದೇ ಹಣೆಪಟ್ಟಿ: ಹುಚ್ಚು. ಬದುಕಿದ್ದಾಗಲೇ ಕೇಳುವವರಿಲ್ಲದವರನ್ನು ಸತ್ತ ಮೇಲೆ ಯಾರು ಕೇಳುತ್ತಾರೆ? ಆದರೆ ಈ ತರುಣ ಕೇಳಿದ. ಈ ಮುದುಕಿಗೆ ಹೀಗೇಕಾಯಿತು? ಅವಳ ಮಿದುಳಿನಲ್ಲಿ ಏನು ನಡೆದಿತ್ತು? ಪಕ್ಕದ ಮಂಚದವನ ಮಿದುಳಿನಲ್ಲಿ ಅದೇ ನಡೆದಿತ್ತೋ, ಬೇರೆಯೋ?

ಆತ ಏಕೆ ಈ ದಾರಿ ಹಿಡಿದ ಎಂದು ಕೇಳಿದರೆ ನನಗೆ ತೋರುವುದನ್ನು ಹೇಳುತ್ತೇನೆ. ಕರಿಯ ವೈದ್ಯನಿಗೆ ಆ ಕಾಲದಲ್ಲಿ ಬೇರೆ ಬಾಗಿಲುಗಳು ಕಿರಿದಾಗಿದ್ದವು, ಅದೂ ಒಂದು ಕಾರಣವಿದ್ದೀತು. ಬರೀ ಕರುಣೆಯೇ ಕಾರಣ ಎಂದು ನಾನು ಹೇಳುವುದಿಲ್ಲ. ಕರುಣೆ ಇದ್ದವರು ರೋಗಿಗೆ ಗಂಜಿ ಕುಡಿಸಿ, ತಲೆ ಸವರಿ ಬರುತ್ತಾರೆ. ಅದೂ ದೊಡ್ಡದೇ. ಆದರೆ ಸಂಶೋಧಕನ ಒಳಗೆ ಇನ್ನೊಂದು ಕಿಚ್ಚು ಇರುತ್ತದೆ. ಎಲ್ಲರೂ "ಅದು ಹಾಗೆಯೇ" ಎಂದು ಸುಮ್ಮನಾದ ಕಡೆ ಅವನಿಗೆ ಸುಮ್ಮನಿರಲಾಗದು. ಅದು ಹಾಗೆ ಏಕೆ ಎಂದು ಕೆದಕುತ್ತಾನೆ. "ಗುಲಾಮ ಗುಲಾಮನೇ, ಅದು ಹಾಗೆಯೇ" ಎಂದು ಊರೆಲ್ಲ ಹೇಳುತ್ತಿದ್ದಾಗ ಕಾಸು ಕೂಡಿಟ್ಟ ಅಜ್ಜನ ಮೊಮ್ಮಗನಲ್ಲವೇ!

ಆತನ ನಿತ್ಯದ ಕೆಲಸ ಹೇಗಿತ್ತೆಂದು ತಿಳಿದರೆ ನಿಮಗೆ ಆಶ್ಚರ್ಯವಾದೀತು. ಮಿದುಳು ಬೆಣ್ಣೆಯ ಹಾಗೆ ಮೆತ್ತಗಿನ ಪದಾರ್ಥ. ಅದನ್ನು ಔಷಧದ ದ್ರವದಲ್ಲಿ ವಾರಗಟ್ಟಲೆ ನೆನೆಸಿ ಗಟ್ಟಿ ಮಾಡಬೇಕು. ಆಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೋಳು ಮಾಡಬೇಕು. ಹಾಗೇ ನೋಡಿದರೆ ಏನೂ ಕಾಣುವುದಿಲ್ಲ, ಬಣ್ಣ ಹಾಕಬೇಕು. ಅದರಲ್ಲಿ ಬೆಳ್ಳಿಯ ಉಪ್ಪಿನ ಒಂದು ವಿಧಾನ ಆಗ ಹೊಸದಾಗಿ ಬಂದಿತ್ತು. ಹಿಂದೆ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದುದನ್ನು ಹಿರಿಯರು ನೋಡಿರುತ್ತೀರಿ. ಬಿಳಿ ಕಾಗದದ ಮೇಲೆ ಮೆಲ್ಲಗೆ ಮುಖ ಮೂಡುತ್ತಿತ್ತಲ್ಲ, ಅದೂ ಬೆಳ್ಳಿಯ ಉಪ್ಪಿನ ಮಹಿಮೆಯೇ. ಹಾಗೆಯೇ ಈ ಹೋಳಿನ ಮೇಲೂ ಕಣ್ಣಿಗೆ ಕಾಣದ ಎಳೆಗಳು ಕಪ್ಪಗೆ ಮೂಡುತ್ತವೆ. ಒಂದು ಕ್ಷಣ ಹೆಚ್ಚು ಕಡಿಮೆಯಾದರೆ ಎಲ್ಲವೂ ಮಸಿ, ಮತ್ತೆ ಮೊದಲಿನಿಂದ. ಎಷ್ಟೋ ದಿನ ಸಂಜೆ ಕೈಗೆ ಏನೂ ಹತ್ತುವುದಿಲ್ಲ. ಇಂದಿನ ಪ್ರಯೋಗಶಾಲೆಯಲ್ಲಿ ಯಂತ್ರಗಳು ಬದಲಾಗಿವೆ, ಕೈಗೆ ಏನೂ ಹತ್ತದ ಸಂಜೆಗಳು ಬದಲಾಗಿಲ್ಲ.

1904ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ಫುಲ್ಲರ್ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದ. ಅಲ್ಲಿ ಕ್ರೆಪೆಲಿನ್ ಎಂಬ ಹೆಸರಾಂತ ಮನೋವೈದ್ಯರ ಆಸ್ಪತ್ರೆ, ಅದರ ಪ್ರಯೋಗಶಾಲೆಗೆ ಆಲೊಯಿಸ್ ಆಲ್ಜೈಮರ್ ಮುಖ್ಯಸ್ಥರು. ಇಂದು ರೋಗಕ್ಕೆ ಯಾರ ಹೆಸರಿದೆಯೋ ಅವರೇ. ಆಗ ಆ ಹೆಸರಿನ ರೋಗ ಇನ್ನೂ ಇರಲಿಲ್ಲ. ಹೊರದೇಶದಿಂದ ಬಂದ ಕೆಲವೇ ಶಿಷ್ಯರಲ್ಲಿ ಫುಲ್ಲರ್ ಒಬ್ಬ.

ಆಲ್ಜೈಮರ್ ಅವರ ಮನಸ್ಸಿನಲ್ಲಿ ಆಗ ಒಬ್ಬ ತಾಯಿ ಕುಳಿತಿದ್ದಳು. ಆಗುಸ್ಟೆ ಅವಳ ಹೆಸರು, ರೈಲ್ವೆ ಗುಮಾಸ್ತನ ಹೆಂಡತಿ. 1901ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ತಂದಾಗ ವಯಸ್ಸು ಕೇವಲ ಐವತ್ತೊಂದು. ಮನೆಯಲ್ಲಿ ಗಂಡನ ಮೇಲೆ ಇಲ್ಲದ ಸಂಶಯ, ಸಾಮಾನುಗಳನ್ನು ಬಚ್ಚಿಡುವುದು, ಅಡಿಗೆ ಕೆಡಿಸುವುದು. ನಮ್ಮ ಮನೆಗಳಲ್ಲಿ "ಸೊಸೆ ನನ್ನ ಸರ ಕದ್ದಳು" ಎಂದು ಅತ್ತೆ ಕೂಗಾಡಿದ ಹಾಗೆ! ಆಲ್ಜೈಮರ್ ಅವಳ ಪಕ್ಕದಲ್ಲಿ ಕುಳಿತು ಹೆಸರೇನೆಂದು ಕೇಳಿದರು. ಆಗುಸ್ಟೆ ಎಂದಳು. ಮನೆತನದ ಹೆಸರು ಕೇಳಿದರೂ ಆಗುಸ್ಟೆ. ಗಂಡನ ಹೆಸರು ಕೇಳಿದರೂ ಅದೇ. ಬರೆಯಲು ಕೊಟ್ಟರೆ ಅಕ್ಷರ ತಪ್ಪುತ್ತಿತ್ತು, ಆಗ ತನ್ನನ್ನೇ ತಾನು ಕಳೆದುಕೊಂಡೆನೆಂದು ಹೇಳುತ್ತಿದ್ದಳು. ವೈದ್ಯರು ಪ್ರಶ್ನೆಯನ್ನೂ ಉತ್ತರವನ್ನೂ ಅಂದಿನ ತಾರೀಖಿನ ಸಹಿತ ಬರೆದಿಟ್ಟರು. ಆ ಕಡತ 1995ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿತು. ಒಬ್ಬ ಗುಮಾಸ್ತನ ಹೆಂಡತಿ ಮಧ್ಯಾಹ್ನ ಏನು ಉಂಡಳು, ಅದನ್ನು ಏನೆಂದು ತಿಳಿದಳು ಎಂಬುದನ್ನು ಸಹ ಕೂತು ಬರೆದುಕೊಂಡಿದ್ದಾರೆ. ರೋಗಿಯ ತೊದಲನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳುವುದು ಸಾಮಾನ್ಯ ಗೌರವವೆಂದು ನನಗೆ ತೋರುವುದಿಲ್ಲ.

ಫುಲ್ಲರ್ ಮ್ಯೂನಿಕ್‌ನಲ್ಲಿ ಇದ್ದಾಗ ಆಕೆ ಫ್ರಾಂಕ್‌ಫರ್ಟಿನಲ್ಲಿ ಇನ್ನೂ ಬದುಕಿದ್ದಳು. ತೀರಿದ್ದು 1906ರ ಏಪ್ರಿಲ್‌ನಲ್ಲಿ. ಅವಳ ಮಿದುಳನ್ನು ತರಿಸಿ ನೋಡಿದ ಆಲ್ಜೈಮರ್‌ಗೆ ಎರಡು ಗುರುತುಗಳು ಕಂಡವು. ಜೀವಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂಥ ಗಂಟುಗಳು, ಕೋಶಗಳ ನಡುವೆ ಅಲ್ಲಲ್ಲಿ ಚೆಲ್ಲಿದ ಗಸಿಯಂಥ ಚುಕ್ಕೆಗಳು. ಅದೇ ನವೆಂಬರ್‌ನಲ್ಲಿ ಟ್ಯೂಬಿಂಗೆನ್ ಊರಿನ ವೈದ್ಯರ ಸಭೆಯಲ್ಲಿ ವಿವರಿಸಿದರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ! ನಾಲ್ಕು ವರ್ಷ ಕಳೆದು 1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಆ ರೋಗಕ್ಕೆ ಆಲ್ಜೈಮರ್ ಅವರ ಹೆಸರಿಟ್ಟರು.

ಜರ್ಮನಿಯಲ್ಲಿದ್ದಾಗ ಫುಲ್ಲರ್ ಒಂದು ದಿನ ಪಾಲ್ ಎರ್ಲಿಖ್ ಎಂಬ ಮಹಾವಿಜ್ಞಾನಿಯ ಬಾಗಿಲು ತಟ್ಟಿದ, ಕರೆಯಿಲ್ಲದೆ. ಒಂದಿಡೀ ಮಧ್ಯಾಹ್ನ ಇಬ್ಬರೂ ಮಾತನಾಡುತ್ತ ಕುಳಿತರು. ಎರ್ಲಿಖ್ ಅವರಿಗೆ 1908ರಲ್ಲಿ ನೊಬೆಲ್ ಬಂತು. ಆ ಮಧ್ಯಾಹ್ನವನ್ನು ಫುಲ್ಲರ್ ಜೀವಮಾನವೆಲ್ಲ ನೆನೆಯುತ್ತಿದ್ದ.

ವೆಸ್ಟ್‌ಬರೊಗೆ ಮರಳಿದ ಮೇಲೆ ಬರೆಯತೊಡಗಿದ. 1907ರಲ್ಲಿ ಮಿದುಳಿನ ಆ ಎಳೆಗಳ ಮೇಲೆ ಒಂದು ಪ್ರಬಂಧ. 1911ರಲ್ಲಿ ಮುದುಕರ ಮಿದುಳಿನ ಚುಕ್ಕೆಗಳ ಮೇಲೆ ಇನ್ನೊಂದು. 1912ರಲ್ಲಿ ಆಲ್ಜೈಮರ್ ರೋಗದ ಒಂದು ಪ್ರಕರಣವನ್ನು ತಾನೇ ವರದಿ ಮಾಡಿ, ಅಲ್ಲಿಯವರೆಗೆ ಎಲ್ಲೆಲ್ಲಿ ಯಾರು ಯಾರು ಬರೆದಿದ್ದರೋ ಅವನ್ನೆಲ್ಲ ಒಟ್ಟುಗೂಡಿಸಿ ವಿಮರ್ಶಿಸಿದ. ಆಗುಸ್ಟೆಯ ಪ್ರಕರಣವನ್ನು ಇಂಗ್ಲಿಷಿಗೆ ತಂದವನೂ ಅವನೇ. ಇಲ್ಲಿ ಒಂದು ಮಾತು ಗಮನಿಸಬೇಕು. ಗುರು ಕಂಡ ಗುರುತುಗಳನ್ನು ಶಿಷ್ಯ ಹಾಗೇ ತಲೆಯ ಮೇಲೆ ಹೊರಲಿಲ್ಲ. ಈ ಚುಕ್ಕೆ, ಈ ಗಂಟು ಇವೇ ರೋಗದ ಮೂಲವೆಂದು ಹೇಳಿಬಿಡುವುದು ಅವಸರವಾದೀತು ಎಂದು ಎಚ್ಚರಿಸಿದ. ರಕ್ತನಾಳ ಪೆಡಸಾಗುವುದೇ ಕಾರಣವೆಂಬ ಆಗಿನ ಪ್ರಬಲ ಮತವನ್ನೂ ಪ್ರಶ್ನಿಸಿದ. ಗುರುಭಕ್ತಿ ಎಂದರೆ ಗುರುವಿನ ಮಾತಿಗೆ ಗೋಣಾಡಿಸುವುದು ಎಂದುಕೊಂಡವರು ಇದನ್ನು ಸ್ವಲ್ಪ ಯೋಚಿಸಬೇಕು.

"ಮದ್ದಿಲ್ಲದ ರೋಗವನ್ನು ಓದಿ ಆಗುವುದೇನು" ಎಂಬ ಪ್ರಶ್ನೆಗೆ ಈಗ ಬರೋಣ. ವೆಸ್ಟ್‌ಬರೊದಂಥ ಆಸ್ಪತ್ರೆಗಳಲ್ಲಿ ಆಗ ಇನ್ನೊಂದು ಬಗೆಯ ಬುದ್ಧಿನಾಶವೂ ಬಹಳವಿತ್ತು. ನಡುವಯಸ್ಸಿನ ಗಂಡಸರು ಇದ್ದಕ್ಕಿದ್ದಂತೆ ತಾನು ರಾಜ, ತಾನು ಕೋಟ್ಯಧೀಶ ಎಂದು ಬಡಬಡಿಸಿ, ಕ್ರಮೇಣ ಕೈಕಾಲು ಬಿದ್ದು ಸಾಯುತ್ತಿದ್ದರು. ಅದಕ್ಕೂ ಮದ್ದಿರಲಿಲ್ಲ. ಫುಲ್ಲರನ 1907ರ ಪ್ರಬಂಧದಲ್ಲಿ ಮುದುಕರ ಮಿದುಳಿನ ಜೊತೆಗೇ ಇವರ ಮಿದುಳಿನ ವಿಚಾರವೂ ಇದೆ. ಹೀಗೆ ಅನೇಕ ದೇಶಗಳ ಅನೇಕ ಜನ ನೋಡುತ್ತ ನೋಡುತ್ತ, 1913ರಲ್ಲಿ ನೊಗುಚಿ ಎಂಬ ಜಪಾನೀ ವಿಜ್ಞಾನಿ ಮತ್ತು ಅವನ ಸಂಗಡಿಗ ಮೂರ್ ಆ ರೋಗಿಗಳ ಮಿದುಳಿನಲ್ಲಿ, ಹಳಬರು ಪರಂಗಿ ರೋಗ ಎನ್ನುತ್ತಿದ್ದ ಸಿಫಿಲಿಸ್‌ನ ಕ್ರಿಮಿಯನ್ನೇ ತೋರಿಸಿಕೊಟ್ಟರು. 1940ರ ದಶಕದಲ್ಲಿ ಪೆನ್ಸಿಲಿನ್ ಬಂತು. ಇಂದು ಆ ಹುಚ್ಚನ್ನು ಕಂಡವರು ವಿರಳ. ಅದಕ್ಕೂ ಮದ್ದಿಲ್ಲ ಎಂದು ಎಲ್ಲರೂ ಕೈಕಟ್ಟಿ ಕುಳಿತಿದ್ದರೆ ಪೆನ್ಸಿಲಿನ್ನನ್ನು ಯಾವ ಕ್ರಿಮಿಗೆಂದು ಕೊಡುತ್ತಿದ್ದರು? ಫುಲ್ಲರ್ ಮುಂದೆ ಈ ವಿದ್ಯೆಯನ್ನು ತನ್ನ ಜನರಿಗೂ ಮುಟ್ಟಿಸಿದ. ಮೊದಲ ಮಹಾಯುದ್ಧದಿಂದ ಮರಳಿದ ಕರಿಯ ಸೈನಿಕರಿಗಾಗಿ 1923ರಲ್ಲಿ ಟಸ್ಕೀಗಿಯಲ್ಲಿ ಒಂದು ಆಸ್ಪತ್ರೆ ತೆರೆಯಿತು. ಅಲ್ಲಿಗೆ ಹೊರಟ ಕರಿಯ ವೈದ್ಯರಿಗೆ ಈ ರೋಗವನ್ನು ಗುರುತು ಹಿಡಿಯುವ ಬಗೆಯನ್ನು ಕಲಿಸಿದವನು ಫುಲ್ಲರ್.

ಆಲ್ಜೈಮರ್ ರೋಗದ ವಿಷಯದಲ್ಲಿ ಅಷ್ಟು ಸುಲಭದ ಗೆಲುವು ಇನ್ನೂ ಬಂದಿಲ್ಲ, ಅದನ್ನು ಮುಚ್ಚಿಡಬಾರದು. ಅಮೆರಿಕದಲ್ಲಿ 2023ರಲ್ಲಿ ಲೆಕಾನೆಮ್ಯಾಬ್, 2024ರಲ್ಲಿ ಡೊನಾನೆಮ್ಯಾಬ್ ಎಂಬ ಔಷಧಿಗಳಿಗೆ ಸರ್ಕಾರದ ಪೂರ್ಣ ಒಪ್ಪಿಗೆ ದೊರೆಯಿತು. ಮಿದುಳಿನ ಆ ಚುಕ್ಕೆಗಳನ್ನು ಅವು ತೊಳೆಯುತ್ತವೆ. ಚುಕ್ಕೆ ಹೋದರೂ ರೋಗ ನಿಲ್ಲುವುದಿಲ್ಲ, ಆರಂಭದ ಹಂತದಲ್ಲಿರುವವರಲ್ಲಿ ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಉಂಟು. ಅಂದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ತರುಣ ಅವಸರ ಬೇಡ ಎಂದನಲ್ಲ, ಆ ಮಾತು ಇನ್ನೂ ಹಳತಾಗಿಲ್ಲ. ಇನ್ನೂ ನೋಡುವವರು ಬೇಕು.

ಸಂಬಳದ ಮಾತನ್ನು ನಮ್ಮ ಭಕ್ತರು ಕೇಳಲು ಸಂಕೋಚಪಟ್ಟರು, ನಾನೇ ಹೇಳುತ್ತೇನೆ. ನಮ್ಮ ದೇಶದಲ್ಲಿ ಹೊಸದಾಗಿ ಸಂಶೋಧನೆಗೆ ಸೇರುವವರಿಗೆ ಸರ್ಕಾರದ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಅದಕ್ಕೆ ಮನೆಬಾಡಿಗೆ ಬೇರೆ. ಮೂರು ತಿಂಗಳಿಗೊಮ್ಮೆ ಬರುವುದೂ ಉಂಟೆಂದು ಹುಡುಗರು ಹೇಳುತ್ತಾರೆ. ಬೆಂಗಳೂರಿನಲ್ಲಿ ಅದು ಶ್ರೀಮಂತಿಕೆಯಲ್ಲ, ಉಪವಾಸವೂ ಅಲ್ಲ. ಫುಲ್ಲರನ ಕಥೆಯಲ್ಲಿ ಈ ಭಾಗ ಕಹಿಯಾಗಿದೆ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ. ಬಿಳಿಯ ಸಹೋದ್ಯೋಗಿಗಳಿಗಿಂತ ಕಡಿಮೆ ಸಂಬಳ. ಕೊನೆಯ ಐದು ವರ್ಷ ನರರೋಗ ವಿಭಾಗದ ಮುಖ್ಯಸ್ಥನ ಕೆಲಸವನ್ನೆಲ್ಲ ಮಾಡಿದ, ಮುಖ್ಯಸ್ಥ ಎಂಬ ಹೆಸರನ್ನು ಕೊಡಲಿಲ್ಲ. 1933ರಲ್ಲಿ ಅವನಿಗಿಂತ ಕೆಳಗಿದ್ದ ಒಬ್ಬ ಬಿಳಿಯನನ್ನು ಮೇಲಕ್ಕೇರಿಸಿ ಆ ಸ್ಥಾನದಲ್ಲಿ ಕೂರಿಸಿದರು. ಫುಲ್ಲರ್ ರಾಜೀನಾಮೆ ಕೊಟ್ಟು ಹೊರಬಂದ. ಚರ್ಮದ ಬಣ್ಣವೊಂದು ಅಡ್ಡಬರದಿದ್ದರೆ ತಾನು ಇನ್ನೂ ಮೇಲಕ್ಕೆ ಹೋಗಬಹುದಿತ್ತೆಂದು ಆತನೇ ಹೇಳಿದ್ದುಂಟು. ಆ ಮಾತಿನಲ್ಲಿರುವುದು ಗೊಣಗಾಟವಲ್ಲ, ಲೆಕ್ಕ. ವಿದ್ಯೆ ಕಲಿತವರು ಜಾತಿ ನೋಡುವುದಿಲ್ಲ, ಬಣ್ಣ ನೋಡುವುದಿಲ್ಲ ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ!

ಮದುವೆಯ ವಿಚಾರ. ಫುಲ್ಲರ್ 1909ರಲ್ಲಿ ಮೆಟಾ ವಾರಿಕ್ ಎಂಬ ಶಿಲ್ಪಿಯನ್ನು ಮದುವೆಯಾದ. ಆಕೆ ಪ್ಯಾರಿಸ್ಸಿನಲ್ಲಿ ಕಲಿತು, ರೊದಾನ್ ಎಂಬ ಮಹಾಶಿಲ್ಪಿಯ ಮೆಚ್ಚುಗೆ ಪಡೆದು ಬಂದವಳು. ಮೂವರು ಗಂಡುಮಕ್ಕಳಾದರು. ಗಂಡನಿಗೆ ಹೆಂಡತಿಯ ಶಿಲ್ಪದ ಕೆಲಸದ ಬಗ್ಗೆ ಅಷ್ಟು ಉತ್ಸಾಹವಿರಲಿಲ್ಲ. ಕೊನೆಗೆ ಆಕೆ 1929ರಲ್ಲಿ ಗಂಡನಿಗೆ ತಿಳಿಸದೆಯೇ ಕೆರೆಯ ದಂಡೆಯಲ್ಲಿ ತನ್ನದೊಂದು ಕೆಲಸದ ಮನೆ ಕಟ್ಟಿಸಿಕೊಂಡಳು. ಮಿದುಳಿನ ಸೂಕ್ಷ್ಮವೆಲ್ಲ ತಿಳಿದವನಿಗೆ ಹೆಂಡತಿಯ ಮನಸ್ಸು ತಿಳಿಯಲು ತಡವಾಯಿತು ಎನ್ನಬೇಕು. ವರ ನೋಡುವವರು ಈ ಒಂದು ಮಾತನ್ನು ಕೇಳಿಕೊಳ್ಳಿ: ಹುಡುಗಿ ರಾತ್ರಿ ಎಂಟಕ್ಕೆ ಪ್ರಯೋಗಶಾಲೆಯಿಂದ ಬಂದರೆ ಅನ್ನ ಬಸಿದಿಡುವ ಹುಡುಗನೋ ಅಲ್ಲವೋ? ಜಾತಕ ಆಮೇಲೆ ನೋಡಬಹುದು.

ನಮ್ಮ ನಾಡಿನಲ್ಲಿ ಈ ಕೆಲಸ ಎಲ್ಲಿ ನಡೆದಿದೆ? ಬೆಂಗಳೂರಿನ ನಿಮ್ಹಾನ್ಸ್ ನಿಮಗೆಲ್ಲ ಗೊತ್ತು. ಅಲ್ಲಿ 1995ರಿಂದ ಒಂದು ಮಿದುಳು ಭಂಡಾರವಿದೆ. ಇನ್ನು ಭಾರತೀಯ ವಿಜ್ಞಾನ ಸಂಸ್ಥೆಯ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತೇವಲ್ಲ, ಆ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ. ಅದರವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ವರ್ಷವರ್ಷವೂ ಪರೀಕ್ಷಿಸುತ್ತ ಹೋಗುವ ಗುರಿ ಇಟ್ಟುಕೊಂಡಿದ್ದಾರೆ. ಮಾವಿನ ತೋಪಿನ ಸೀಮೆಯ ರೈತರ ರಕ್ತ, ನಡಿಗೆ, ನೆನಪು, ಮಿದುಳಿನ ಚಿತ್ರ ಎಲ್ಲವನ್ನೂ ದಾಖಲೆ ಮಾಡುವುದು. ರೋಗ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅದರ ಹೆಜ್ಜೆ ಸದ್ದು ಕೇಳಿಸೀತೇ ಎಂದು ಕಿವಿಗೊಟ್ಟು ಕೂರುವ ಕೆಲಸ ಇದು. ಬಿಳಿಯರ ದೇಶದಲ್ಲಿ ಮಾಡಿದ ನೆನಪಿನ ಪರೀಕ್ಷೆಯನ್ನು ಓದುಬರಹ ಬಾರದ ನಮ್ಮ ಅಜ್ಜಿಗೆ ಕೊಟ್ಟರೆ ಏನಾಗುತ್ತದೆ? ಪೆನ್ಸಿಲ್ ಹಿಡಿದು ಗಡಿಯಾರ ಬರೆ ಎಂದರೆ ಹುಟ್ಟಿನಿಂದ ಪೆನ್ಸಿಲ್ ಹಿಡಿಯದವಳಿಗೆ ರೋಗವಿದೆ ಎಂದು ತೀರ್ಪಾಗುತ್ತದೆ. ಸಂತೆಗೆ ಹೋಗಿ ಬಂದ ಲೆಕ್ಕ, ಬಿತ್ತನೆಯ ಮಳೆಗಳ ಹೆಸರು, ಇವನ್ನು ಕೇಳಿದರೆ ಅವಳ ನೆನಪು ಎಷ್ಟೆಂದು ತಿಳಿಯುತ್ತದೆ. ಇಂಥ ಪ್ರಶ್ನೆಗಳನ್ನು ಯಾರು ರೂಪಿಸಬೇಕು? ನಮ್ಮ ಅಜ್ಜಿಯ ಭಾಷೆ ಬಲ್ಲ ನಮ್ಮ ಮನೆಯ ಹೆಣ್ಣುಮಕ್ಕಳೇ.

ಮಿದುಳು ಭಂಡಾರ ಎಂದೊಡನೆ ಕೆಲವರ ಮುಖ ಸಣ್ಣಗಾಯಿತು, ನೋಡಿದೆ. ನಮ್ಮಲ್ಲಿ ದೇಹವನ್ನು ಕೂರಿಸಿ ಸಮಾಧಿ ಮಾಡುವ ಪದ್ಧತಿ. ಅದಕ್ಕೆ ಅಡ್ಡಿಯಾದೀತೇ ಎಂಬ ಅಂಜಿಕೆ ಸಹಜ. ಮಿದುಳನ್ನು ತಲೆಯ ಹಿಂಬದಿಯಿಂದ ತೆರೆದು ತೆಗೆಯುತ್ತಾರೆ, ಮುಖ ಕೆಡುವುದಿಲ್ಲ. ಹೊಲಿದು ದೇಹವನ್ನು ಮನೆಯವರಿಗೆ ಒಪ್ಪಿಸುತ್ತಾರೆ, ವಿಧಿಗಳೆಲ್ಲ ಎಂದಿನಂತೆ ನಡೆಯಬಹುದು. ಕೊಡಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಬದುಕಿರುವಾಗಲೇ ಮನೆಮಂದಿ ಕೂತು ಮಾತನಾಡಿಕೊಳ್ಳಬೇಕಾದ ವಿಷಯ ಇದು. ಸಾವಿನ ಮನೆಯಲ್ಲಿ ಆ ಮಾತು ಎತ್ತುವ ಧೈರ್ಯ ಯಾರಿಗೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಆಗುಸ್ಟೆಯ ಮಿದುಳು ಸಿಕ್ಕದಿದ್ದರೆ ಆಲ್ಜೈಮರ್ ಬಳಿ ಇದ್ದದ್ದು ಒಂದು ಕಡತ ಮಾತ್ರ.

ಫುಲ್ಲರನ ಕೊನೆಗಾಲ ಕಷ್ಟದ್ದು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದವು. ಜೀವಮಾನವೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿದ ಕಣ್ಣುಗಳು! ಆ ಶಿಲ್ಪಿ ಹೆಂಡತಿಯೇ ತನ್ನ ಕೆಲಸ ಬದಿಗಿಟ್ಟು ಆತನನ್ನು ನೋಡಿಕೊಂಡಳು. 1953ರ ಜನವರಿಯಲ್ಲಿ, ಎಂಬತ್ತರ ವಯಸ್ಸಿನಲ್ಲಿ, ತೀರಿಕೊಂಡ. ಅವನ ಹೆಸರನ್ನು ಬಹುಕಾಲ ಯಾರೂ ಎತ್ತಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಬಾಸ್ಟನ್ನಿನ ಒಂದು ಮಾನಸಿಕ ಆರೋಗ್ಯ ಕೇಂದ್ರಕ್ಕೆ ಆ ಹೆಸರನ್ನು ಇಟ್ಟರು.

ಇನ್ನು, ಮನೆಯಲ್ಲಿ ಇಂಥ ಹಿರಿಯರನ್ನು ಇಟ್ಟುಕೊಂಡವರು ಇಲ್ಲಿ ಅನೇಕರಿದ್ದೀರಿ, ನಿಮಗೆ ಎರಡು ಮಾತು. ಮರೆವೆಲ್ಲ ಆಲ್ಜೈಮರ್ ಅಲ್ಲ. ರಕ್ತದಲ್ಲಿ ಬಿ-ಹನ್ನೆರಡು ಜೀವಸತ್ವ ಕಡಿಮೆಯಾದರೆ, ಥೈರಾಯ್ಡ್ ಗ್ರಂಥಿ ಮಂದವಾದರೆ, ಗಂಡನೋ ಹೆಂಡತಿಯೋ ಹೋದ ದುಃಖ ಒಳಗೇ ಹೆಪ್ಪುಗಟ್ಟಿದರೆ, ಆಗಲೂ ಮಾತು ತಡವರಿಸುತ್ತದೆ, ನೆನಪು ಕೆಡುತ್ತದೆ. ಇವುಗಳಿಗೆ ಚಿಕಿತ್ಸೆ ಉಂಟು, ಆದ್ದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಿವಿ ಕೇಳದಿದ್ದರೆ ಕಿವಿಯ ಯಂತ್ರ ಹಾಕಿಸಿ. ಕೇಳಿದ್ದನ್ನೇ ಹತ್ತು ಸಲ ಕೇಳಿದರೆ "ಆಗಲೇ ಹೇಳಿದೆನಲ್ಲ" ಎಂದು ಗದರಬೇಡಿ. ಅವರಿಗೆ ಅದು ಪ್ರತಿ ಸಲವೂ ಮೊದಲ ಸಲವೇ. ವೈದ್ಯರ ಹತ್ತಿರ ಹೋಗುವ ಮುನ್ನ ಒಂದು ಪುಸ್ತಕದಲ್ಲಿ ಬರೆದಿಡಿ. ದಾರಿ ತಪ್ಪಿದ್ದು ಎಂದು, ಹೆಸರು ಮರೆತದ್ದು ಯಾರದು, ಅಡಿಗೆ ಕೆಟ್ಟದ್ದು ಎಷ್ಟು ಸಲ, ರಾತ್ರಿ ಎದ್ದು ಓಡಾಡುವುದು ಯಾವ ತಿಂಗಳಿಂದ. ತಾರೀಖು ಹಾಕಿ ಬರೆಯಿರಿ. ವೈದ್ಯರು ಎಲ್ಲಕ್ಕಿಂತ ಮೊದಲು ಕೇಳುವುದು ಅದನ್ನೇ.